ಸೆಲ್, ದೋಗಾ, ಗೆಂಗಾ: ಮೂರನ್ನೂ ಕೊಂಡು ನೋಡಿದ ಮೇಲೆ

ಡ್ರ್ಯಾಗನ್ ಬಾಲ್ ಜೀ ಅನ್ನುವ ಆನಿಮೇಷನ್ ಧಾರಾವಾಹಿ ಜಪಾನಿನ ಟಿವಿಯಲ್ಲಿ 1989ರಿಂದ 1996ರವರೆಗೆ ಬಂತು. ಒಟ್ಟು 291 ಕಂತು, ಎಲ್ಲವೂ ಕೈಯಲ್ಲಿ ಬರೆದ ಚಿತ್ರಗಳು. ಅವುಗಳಲ್ಲಿ ಎಷ್ಟೋ ಹಾಳೆಗಳು ಇವತ್ತಿಗೂ ಮಾರಾಟಕ್ಕೆ ಸಿಗುತ್ತವೆ, ಸೆಲ್, ದೋಗಾ, ಗೆಂಗಾ ಅನ್ನುವ ಮೂರು ಬಗೆಯಲ್ಲಿ. ಟೋಕಿಯೊದ ನಕಾನೊ ಬ್ರಾಡ್‌ವೇ ಕಟ್ಟಡದಲ್ಲಿ ಹಳೆಯ ಕಾಮಿಕ್ಸ್, ಆನಿಮೇಷನ್ ವಸ್ತುಗಳನ್ನು ಮಾರುವ ಮಂದರಾಕೆ ಅಂಗಡಿಗಳಲ್ಲಿ ಇಂಥದ್ದನ್ನು ಹುಡುಕುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಎಲ್ಲರ ಹಾಗೆ ನಾನೂ ಮೊದಲು ಕೊಂಡಿದ್ದು ಸೆಲ್. ಪಾರದರ್ಶಕ ಹಾಳೆ, ಮುಂದೆ ಗೆರೆ, ಹಿಂದೆ ಬಣ್ಣ. ಕ್ಯಾಮೆರಾ ಕೆಳಗೆ ಇಟ್ಟು ಚಿತ್ರೀಕರಿಸಿದ್ದು ಇದನ್ನೇ. ಟಿವಿಯಲ್ಲಿ ನೋಡಿದ ಬಣ್ಣ ಹಾಗೇ ಕೈಯಲ್ಲಿದೆ ಅಂದಾಗ ಆಗುವ ಖುಷಿಯೇ ಬೇರೆ. ಆದರೆ ಸೆಲ್ ಬಲು ನಾಜೂಕು. ಅಸಿಟೇಟ್ ಹಳೆಯದಾದರೆ ವಿನೆಗರ್ ವಾಸನೆ ಬರುತ್ತದೆ, ಹಾಳೆ ಸೊಟ್ಟಗಾಗುತ್ತದೆ, ಗೆರೆಯೂ ಮಾಸುತ್ತದೆ. ನನ್ನದರ ಹಿಂದೆ ಒಂದು ಪೆನ್ಸಿಲ್ ಹಾಳೆ ಅಂಟಿಕೊಂಡಿತ್ತು. ಬಿಡಿಸಲು ಹೋದೆ, ಅಂಗಿಯ ಕಿತ್ತಳೆ ಬಣ್ಣ ಉಗುರಿನಷ್ಟು ಕಿತ್ತು ಬಂತು. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಟಿದ್ದರೆ ದಯವಿಟ್ಟು ಹಾಗೇ ಬಿಡಿ. ಮಾರಲಿಕ್ಕೆಂದೇ ಮಾಡಿದ ಪ್ರತಿಗಳೂ ಇರುತ್ತವೆ, ಹಾಗಾಗಿ ಹಾಳೆ ಜರುಗದಂತೆ ಸಿಕ್ಕಿಸಲು ಅಂಚಿನಲ್ಲಿರುವ ಪೆಗ್ ತೂತು, ಪದರ ಮತ್ತು ಕ್ರಮ ತಿಳಿಸುವ ಮೂಲೆಯ ‘ಎ-5’ ಥರದ ಸಂಖ್ಯೆ ನೋಡಿಯೇ ಕೊಳ್ಳಿ.

ಹಾಗೆ ಅಂಟಿದ್ದ ಹಾಳೆಯೇ ದೋಗಾ. ಸೆಲ್ ಮೇಲೆ ಗೆರೆ ಇಳಿಸಲು ಬರೆದ ಸ್ವಚ್ಛ ಪೆನ್ಸಿಲ್ ಚಿತ್ರ. ಮೂರರಲ್ಲಿ ಇದೇ ಅಗ್ಗ. ಒಂಟಿ ಹಾಳೆ ಕೊಂಡಾಗ ನನಗೆ ಸಪ್ಪೆ ಅನ್ನಿಸಿತು, ಗೆರೆ ಅಷ್ಟು ನೀಟು. ಒಂದೇ ಶಾಟ್‌ನ ಸಾಲು ಹಾಳೆಗಳು ಸಿಕ್ಕರೆ ಮಾತ್ರ ಬಿಡಬೇಡಿ. ಬೆರಳಲ್ಲಿ ಸರಸರ ಮಗುಚಿದರೆ ಕಥಾನಾಯಕ ಗೋಕು ತಿರುಗಿ ನೋಡುತ್ತಾನೆ.

ಗೆಂಗಾ ಅಂದರೆ ಮುಖ್ಯ ಭಂಗಿಗಳ ಚಿತ್ರ. ಮುಖ್ಯ ಆನಿಮೇಟರ್ ಚಲನೆಯನ್ನು ಯೋಚಿಸುತ್ತಾ ಬರೆದದ್ದು. ನೆರಳು ಎಲ್ಲಿ ಬೀಳಬೇಕು ಅನ್ನುವುದಕ್ಕೆ ಬಣ್ಣದ ಪೆನ್ಸಿಲ್ ಗೆರೆ. ಏಟು ಹೊಡೆಯುವಾಗ ಭುಜ ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಸರಿಯಿತು, ಎಲ್ಲಾ ಕಾಣುತ್ತದೆ. ಬಣ್ಣದ ಮೋಹಕ್ಕೆ ಸೆಲ್‌ಗೆ ಅಷ್ಟು ಜಾಸ್ತಿ ಕೊಟ್ಟೆನಲ್ಲ ಅಂತ ಅನ್ನಿಸಿದ್ದು ಇದನ್ನು ನೋಡಿದಾಗಲೇ. ಸೆಲ್‌ಗೆ ಬಣ್ಣ ತುಂಬಿದ ಕೈ ಬೇರೆ, ಈ ಏಟಿಗೆ ಬಲ ತುಂಬಿದ ಕೈ ಬೇರೆ ಅಲ್ವಾ?

ಒಂದೇ ಒಂದು ಕೊಳ್ಳುವಷ್ಟು ದುಡ್ಡಿದ್ದರೆ ಗೆಂಗಾ ಕೊಳ್ಳಿ, ಅದರಲ್ಲೂ ಶೂಸೇ ಜೊತೆಗಿರುವುದನ್ನು. ಶೂಸೇ ಅಂದರೆ ಆನಿಮೇಷನ್ ನಿರ್ದೇಶಕರು ತಿದ್ದಿದ ತೆಳು ಹಾಳೆ. ನನ್ನ ಬಳಿ ಇರುವುದು ಹಳದಿ ಬಣ್ಣದ್ದು. ಗೋಕುವಿನ ಮಗ ಗೋಹಾನ್‌ನ ಕಣ್ಣು, ಹುಬ್ಬು ಮಾತ್ರ ಹೊಸದಾಗಿ ಬರೆದಿದ್ದಾರೆ, ಮಿಕ್ಕದ್ದು ಖಾಲಿ. ಗೆಂಗಾ ಮೇಲಿಟ್ಟು ಬೆಳಕಿಗೆ ಹಿಡಿದರೆ, ಹೆದರಿದ್ದ ಹುಡುಗನಿಗೆ ಸಿಟ್ಟು ಬರುತ್ತದೆ.