ಕೆಟ್ಟ ಕಾರ್ಡಿನಿಂದ ಹಾಡುಗಳನ್ನು ಉಳಿಸಿಕೊಳ್ಳಲು: ಚೆಕ್‌ಡಿಸ್ಕ್, ಫೋಟೊರೆಕ್, ಟೆಸ್ಟ್‌ಡಿಸ್ಕ್

ಮೈಕ್ರೊಎಸ್‌ಡಿ ಕಾರ್ಡ್ ಹಾಕಿ ಬಳಸುವ ನನ್ನ ಮ್ಯೂಸಿಕ್ ಪ್ಲೇಯರ್ ಹಾಡುಗಳ ಪಟ್ಟಿ ತಯಾರಿಸುವಾಗಲೇ ನಿಂತುಬಿಡತೊಡಗಿತು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ, ಒಂದು ಫೋಲ್ಡರಿನೊಳಗೆ ಅರ್ಥವಿಲ್ಲದ ಅಕ್ಷರಗಳ ಹೆಸರುಗಳೂ ಐದು ನಿಮಿಷದ ಹಾಡಿಗೆ 3 ಜಿಬಿ ಎಂಬಂಥ ಗಾತ್ರಗಳೂ ಕಾಣುತ್ತಿದ್ದವು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಯಾವ ಫೈಲ್ ಎಲ್ಲಿದೆಯೆಂದು ತಿಳಿಸುವ ಕೋಷ್ಟಕ. ಹಾಡಿನ ದತ್ತಾಂಶ ಬಹುಮಟ್ಟಿಗೆ ಕಾರ್ಡಿನಲ್ಲಿ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಕಾರ್ಡಿನ ಮೇಲೆ ಏನನ್ನೂ ಬರೆಯದೆ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದ ಮೂಲಕ ಅದರ ಪೂರ್ಣ ಪ್ರತಿಯನ್ನು ತೆಗೆದುಕೊಂಡು, ಮೂರೂ ವಿಧಾನಗಳನ್ನು ಆ ಪ್ರತಿಯಿಂದಲೇ ಪರೀಕ್ಷಿಸಿದೆ.

ಚೆಕ್‌ಡಿಸ್ಕ್ ವಿಂಡೋಸ್‌ನೊಂದಿಗೇ ಬರುತ್ತದೆ ಮತ್ತು ಬೇಗ ಮುಗಿಯುತ್ತದೆ. ಪ್ರತಿಯನ್ನು ಬೇರೊಂದು ಕಾರ್ಡಿಗೆ ಬರೆದು ಇದನ್ನು ಓಡಿಸಿದ ಮೇಲೆ ಪ್ಲೇಯರ್ ನಿಲ್ಲದೆ ನಡೆಯಿತು. ಆದರೆ ಫೈಲ್ ವ್ಯವಸ್ಥೆಯನ್ನು, ಅಂದರೆ ಫೈಲುಗಳನ್ನು ಕಾರ್ಡಿನಲ್ಲಿ ಜೋಡಿಸಿಡುವ ಏರ್ಪಾಡನ್ನು, ಒಂದು ಸುಸಂಗತ ಸ್ಥಿತಿಗೆ ತರುವುದಷ್ಟೇ ಅದರ ಗುರಿ. ಎಲ್ಲಿಗೂ ಸೇರದ ತುಣುಕುಗಳನ್ನು ಅದು ಸಿಎಚ್‌ಕೆ ಫೈಲುಗಳಾಗಿ ಬೇರೊಂದು ಫೋಲ್ಡರಿಗೆ ಹಾಕುತ್ತದೆ. ಅವನ್ನು ಎಂಪಿ3 ಎಂದು ಹೆಸರು ಬದಲಿಸಿದಾಗ ಕೆಲವು ಸರಿಯಾಗಿ ಕೇಳಿಸಿದವು. ಒಂದರಲ್ಲಿ ಮಾತ್ರ ಭಾವಗೀತೆಯ ಪಲ್ಲವಿ ಮುಗಿಯುವಷ್ಟರಲ್ಲಿ ಚೆಂಡೆಯ ಸದ್ದು ಆರಂಭವಾಯಿತು. ಮೂಲ ಕಾರ್ಡಿನ ಮೇಲೆ ಮೊದಲಿಗೇ ಇದನ್ನು ಓಡಿಸುವುದು ಅಪಾಯಕರವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅದು ಕೋಷ್ಟಕವನ್ನು ತಿದ್ದಿ ಬರೆಯುತ್ತದೆ.

ಫೋಟೊರೆಕ್ ಕೋಷ್ಟಕವನ್ನು ನಂಬದೆ, ಪ್ರತಿಯೊಂದು ಬಗೆಯ ಫೈಲಿನ ಆರಂಭದ ಗುರುತನ್ನು ಹುಡುಕುತ್ತಾ ಹೋಗುತ್ತದೆ. ಎಂಪಿ3ಗೆ ಇದು ಚೆನ್ನಾಗಿ ಒಗ್ಗುತ್ತದೆ: 44.1 ಕಿಲೋಹರ್ಟ್ಸ್ ಹಾಡಿನಲ್ಲಿ ಸುಮಾರು 26 ಮಿಲಿಸೆಕೆಂಡಿಗೊಂದು ಫ್ರೇಮ್ ಎಂಬ ಚಿಕ್ಕ ತುಣುಕು ಇದ್ದು, ಪ್ರತಿಯೊಂದಕ್ಕೂ ತನ್ನದೇ ತಲೆಬರಹವಿರುವುದರಿಂದ, ನಡುವೆ ಸ್ವಲ್ಪ ಹೋದರೂ ಉಳಿದದ್ದು ಕೇಳಿಸುತ್ತದೆ. ಹೆಸರುಗಳು ಮಾತ್ರ ಹೋಗಿ, ಎಫ್ ಅಕ್ಷರದ ಮುಂದೆ ಸಂಖ್ಯೆಗಳಿರುವ ಫೈಲುಗಳು ಸಿಗುತ್ತವೆ. ಹಾಡಿನ ವಿವರಗಳನ್ನು ಫೈಲಿನೊಳಗೇ ಬರೆದಿಡುವ ಐಡಿ3 ಟ್ಯಾಗ್ ಉಳಿದಿದ್ದರೆ, ಎಂಪಿ3ಟ್ಯಾಗ್ ತಂತ್ರಾಂಶದಿಂದ ಗಾಯಕರ ಹೆಸರು, ಹಾಡಿನ ಹೆಸರು ಎರಡನ್ನೂ ಒಟ್ಟಿಗೆ ಫೈಲಿಗೆ ಮರಳಿ ಕೊಡಬಹುದು. ನನ್ನ ಸಂಗ್ರಹದಲ್ಲಿದ್ದ, ಪ್ಲೇಯರಿನಲ್ಲೇ ಧ್ವನಿಮುದ್ರಿಸಿದ ತಾಳಮದ್ದಳೆಗಳಿಗೆ ಟ್ಯಾಗ್ ಇರಲಿಲ್ಲ. ಅವು ಗಂಟೆಗಟ್ಟಲೆ ಉದ್ದವಿದ್ದು ಕಾರ್ಡಿನಲ್ಲಿ ಚೂರುಚೂರಾಗಿ ಹರಡಿದ್ದರಿಂದ, ಅರ್ಥಗಾರಿಕೆ ಬಿರುಸಾಗುವ ಹೊತ್ತಿಗೆ ತುಂಡಾಗಿ ನಿಂತವು.

ಆ ತಾಳಮದ್ದಳೆಗಳನ್ನು ಇಡಿಯಾಗಿ ತಂದುಕೊಟ್ಟದ್ದು ಟೆಸ್ಟ್‌ಡಿಸ್ಕ್. ನನ್ನ ಕಾರ್ಡಿನಲ್ಲಿದ್ದ ಫ್ಯಾಟ್32 ಎಂಬ ಫೈಲ್ ವ್ಯವಸ್ಥೆಯು ಕೋಷ್ಟಕದ ಎರಡು ಪ್ರತಿಗಳನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತದೆ; ನನ್ನಲ್ಲಿ ಎರಡನೆಯದು ಸರಿಯಾಗಿದ್ದರಿಂದ ಅದು ನೆರವಾಯಿತು. ಪರದೆಯ ಮೇಲೆ ಬರೀ ಅಕ್ಷರಗಳ ಪಟ್ಟಿ, ಬಾಣದ ಕೀಲಿಗಳಲ್ಲೇ ಓಡಾಟ; ರೂಢಿಯಿಲ್ಲದವರಿಗೆ ಕಷ್ಟವೇ. ಹಾಗಿದ್ದರೂ ಫೋಲ್ಡರ್, ಹೆಸರು, ದಿನಾಂಕ ಎಲ್ಲವೂ ಉಳಿಯುವುದರಿಂದ ಮೊದಲು ಇದನ್ನೇ ಪ್ರಯತ್ನಿಸಬೇಕು. ಹೆಸರುಗಳೇ ಅಳಿಸಿಹೋದ ಫೋಲ್ಡರಿಗೆ ಅದು ಏನೂ ಮಾಡಲಾರದು. ಅಲ್ಲಿ ಫೋಟೊರೆಕ್ ಬೇಕು.

ಎಲ್ಲ ಹಾಡುಗಳೂ ಕಂಪ್ಯೂಟರಿಗೆ ಬಂದ ಮೇಲೆ, ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷಾ ತಂತ್ರಾಂಶದ ಮೂಲಕ ಪೂರ್ತಿ ಬರೆದು ಓದಿಸಿ ನೋಡಬೇಕು. ಬರೆದದ್ದಕ್ಕೂ ಓದಿದ್ದಕ್ಕೂ ವ್ಯತ್ಯಾಸ ಕಂಡುಬಂದರೆ ಆ ಕಾರ್ಡನ್ನು ಮತ್ತೆ ಪ್ಲೇಯರಿಗೆ ಹಾಕಬಾರದು.