ಗ್ಲೋಬಲ್ ಟೆರರಿಸಂ ಡೇಟಾಬೇಸ್: ಕೈಪಿಡಿಗೆ ಪೂರ್ಣ ಅಂಕ, ನಕ್ಷೆಗೆ ಅರ್ಧ

ಭಯೋತ್ಪಾದನೆಯ ಬಗ್ಗೆ ಅಂಕಿ-ಅಂಶಗಳನ್ನಿಟ್ಟುಕೊಂಡು ಬರೆಯಲು ಹೊರಟವರು ಬೇಗನೆ ಬಂದು ಸೇರುವ ಜಾಗ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿರುವ ‘ಸ್ಟಾರ್ಟ್’ ಸಂಶೋಧನಾ ಒಕ್ಕೂಟದ ಗ್ಲೋಬಲ್ ಟೆರರಿಸಂ ಡೇಟಾಬೇಸ್, ಅಂದರೆ ಜಿಟಿಡಿ. 1970ರಿಂದೀಚೆಗೆ ಜಗತ್ತಿನ ನಾನಾ ಭಾಗಗಳಲ್ಲಿ ನಡೆದ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳು ಅಲ್ಲಿ ಸಾಲು ಸಾಲಾಗಿ ದಾಖಲಾಗಿವೆ. ಪ್ರತಿ ಸಾಲಿಗೂ ದಿನಾಂಕ, ಸ್ಥಳ, ಆಯುಧ, ಗುರಿ, ಸಾವು-ನೋವು ಮುಂತಾದ ನೂರಕ್ಕೂ ಹೆಚ್ಚು ಕಾಲಂಗಳಿವೆ. ವಾಣಿಜ್ಯೇತರ ಸಂಶೋಧನೆ ಮಾಡುವ ವ್ಯಕ್ತಿಗಳು ಹೆಸರು ಮತ್ತು ಉದ್ದೇಶವನ್ನು ನಮೂದಿಸಿ, ಷರತ್ತುಗಳಿಗೆ ಒಪ್ಪಿ, ಇಡೀ ಎಕ್ಸೆಲ್ ಕಡತವನ್ನು ಉಚಿತವಾಗಿ ಪಡೆಯಬಹುದು. ಪತ್ರಿಕೆಗಳಲ್ಲಿ ಇದರ ಒಟ್ಟು ಸಂಖ್ಯೆಗಳೇ ಹೆಚ್ಚು ಉಲ್ಲೇಖಗೊಳ್ಳುತ್ತವೆ. ನನ್ನ ಅನುಭವದಲ್ಲಿ ಈ ಸೇವೆಯ ಅತ್ಯಂತ ದುರ್ಬಲ ಭಾಗ ಆ ಒಟ್ಟು ಸಂಖ್ಯೆಗಳೇ; ಅತ್ಯಂತ ಬೆಲೆಬಾಳುವ ಭಾಗ ಯಾರೂ ತೆರೆದು ನೋಡದ ಅದರ ಸಂಕೇತ ಕೈಪಿಡಿ, ಅಂದರೆ ಯಾವ ಘಟನೆಯನ್ನು ಏಕೆ ಸೇರಿಸುತ್ತಾರೆ, ಯಾವ ಕಾಲಂನ ಅರ್ಥವೇನು ಎಂದು ವಿವರಿಸುವ ಪುಸ್ತಿಕೆ.

ಅದಕ್ಕೆ ಕಾರಣವಿದೆ. ಭಯೋತ್ಪಾದನೆ ಎಂದರೇನು ಎಂಬ ಪ್ರಶ್ನೆಗೆ ವಿದ್ವಾಂಸರು ಇಂದಿಗೂ ಒಂದೇ ಉತ್ತರ ಕೊಟ್ಟಿಲ್ಲ. ಡಚ್ ವಿದ್ವಾಂಸ ಅಲೆಕ್ಸ್ ಸ್ಮಿಡ್ 1980ರ ದಶಕದಲ್ಲಿ 109 ವ್ಯಾಖ್ಯೆಗಳನ್ನು ಕಲೆಹಾಕಿ ಅವುಗಳ ಸಾಮಾನ್ಯ ಅಂಶಗಳನ್ನು ಹುಡುಕಿದರು. ವಿಶ್ವಸಂಸ್ಥೆಯಲ್ಲಿ ಭಾರತ 1996ರಲ್ಲಿ ಮಂಡಿಸಿದ ಸಮಗ್ರ ಒಪ್ಪಂದದ ಕರಡು ವ್ಯಾಖ್ಯೆಯ ಜಗಳದಲ್ಲೇ ಸಿಕ್ಕಿಕೊಂಡಿದೆ. ಜಿಟಿಡಿ ಈ ಜಗಳವನ್ನು ಬಗೆಹರಿಸುವ ಗೋಜಿಗೆ ಹೋಗುವುದಿಲ್ಲ. ಘಟನೆ ಉದ್ದೇಶಪೂರ್ವಕವಾಗಿರಬೇಕು, ಅದರಲ್ಲಿ ಹಿಂಸೆ ಅಥವಾ ಹಿಂಸೆಯ ತತ್‌ಕ್ಷಣದ ಬೆದರಿಕೆ ಇರಬೇಕು, ಎಸಗಿದವರು ಸರ್ಕಾರೇತರರಾಗಿರಬೇಕು. ಈ ಮೂರು ಕಡ್ಡಾಯ. ಇವುಗಳ ಮೇಲೆ ಇನ್ನೂ ಮೂರು ಮಾನದಂಡಗಳಿವೆ: ರಾಜಕೀಯ, ಆರ್ಥಿಕ, ಧಾರ್ಮಿಕ ಅಥವಾ ಸಾಮಾಜಿಕ ಗುರಿ, ನೇರವಾಗಿ ಬಲಿಯಾದವರಾಚೆಗಿನ ಜನರನ್ನು ಬೆದರಿಸುವ ಇಲ್ಲವೇ ಅವರಿಗೆ ಸಂದೇಶ ಮುಟ್ಟಿಸುವ ಉದ್ದೇಶ, ಮತ್ತು ಕೃತ್ಯವು ಯುದ್ಧದ ಒಪ್ಪಿತ ನಿಯಮಗಳ ಹೊರಗಿರುವುದು. ಇವುಗಳಲ್ಲಿ ಕನಿಷ್ಠ ಎರಡು ಪೂರೈಸಿದರೆ ಸಾಕು, ಘಟನೆ ಪಟ್ಟಿಗೆ ಸೇರುತ್ತದೆ.

ಈ ಮೂರೂ ಮಾನದಂಡಗಳಿಗೆ ಪ್ರತ್ಯೇಕ ಕಾಲಂಗಳಿರುವುದರಿಂದ, ಮೂರನ್ನೂ ಪೂರೈಸಿದ ಸಾಲುಗಳನ್ನು ಮಾತ್ರ ಉಳಿಸಿಕೊಂಡು ನನ್ನದೇ ಬಿಗಿಯಾದ ವ್ಯಾಖ್ಯೆಯನ್ನು ಹಚ್ಚಿ ನೋಡಲು ನನಗೆ ಸಾಧ್ಯವಾಗುತ್ತದೆ. ಇದು ಭಯೋತ್ಪಾದನೆಯೋ, ಬಂಡುಕೋರರ ಯುದ್ಧವೋ, ಬರಿಯ ಅಪರಾಧವೋ ಎಂಬ ಅನುಮಾನವನ್ನು ಸಂಗ್ರಹಕಾರರೇ ದಾಖಲಿಸುವ ಇನ್ನೊಂದು ಕಾಲಂ ಕೂಡ ಇದೆ. ತಮ್ಮ ಅನುಮಾನವನ್ನೇ ದತ್ತಾಂಶವಾಗಿ ಕೊಡುವ ಸಂಸ್ಥೆಗಳು ಹೆಚ್ಚಿಲ್ಲ.

ಆದರೆ ಎಣಿಕೆಗೆ ಇಳಿದೊಡನೆ ತೊಡಕುಗಳು ಶುರುವಾಗುತ್ತವೆ. ಪ್ರತಿ ಘಟನೆಗೂ ಹನ್ನೆರಡು ಅಂಕಿಗಳ ಗುರುತು ಸಂಖ್ಯೆಯಿದ್ದು, ಮೊದಲ ಎಂಟು ಅಂಕಿಗಳು ದಿನಾಂಕವನ್ನು, ಕೊನೆಯ ನಾಲ್ಕು ಆ ದಿನದ ಕ್ರಮಾಂಕವನ್ನು ಸೂಚಿಸುತ್ತವೆ. ದಿನ ಗೊತ್ತಿಲ್ಲದಿದ್ದರೆ ಆ ಸ್ಥಾನದಲ್ಲಿ ಸೊನ್ನೆಗಳಿರುತ್ತವೆ. ಸಮಯ ಅಥವಾ ಸ್ಥಳ ಬೇರೆಯಾದರೆ ಸಾಲೂ ಬೇರೆ ಎಂಬುದು ನಿಯಮ. ಹಾಗಾಗಿ 2001ರ ಸೆಪ್ಟೆಂಬರ್ 11ರ ದಾಳಿ ಇಲ್ಲಿ ಒಂದಲ್ಲ, ನಾಲ್ಕು. ಒಂದೊಂದು ವಿಮಾನಕ್ಕೆ ಒಂದೊಂದು ಸಾಲು. ಬೆಂಗಳೂರಿನಲ್ಲಿ 2008ರ ಜುಲೈ 25ರಂದು ನಡೆದಂತಹ ಸರಣಿ ಸ್ಫೋಟಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಒಂದೇ ಸಂಚಿಗೆ ಸೇರಿದ ಸಾಲುಗಳನ್ನು ಜೋಡಿಸಲು ಕಾಲಂ ಇದೆಯಾದರೂ, ಜಾಲತಾಣದ ಹುಡುಕಾಟದ ಪುಟವಾಗಲಿ ನಕ್ಷೆಯಾಗಲಿ ಇದನ್ನು ಓದುಗನಿಗೆ ಎದ್ದು ಕಾಣುವಂತೆ ಹೇಳುವುದಿಲ್ಲ.

ಕಾಲಾನುಕ್ರಮದ ರೇಖಾಚಿತ್ರಗಳು ಇದಕ್ಕಿಂತ ಅಪಾಯಕಾರಿ. 1970ರಿಂದ 1997ರವರೆಗಿನ ಮಾಹಿತಿ ಮೂಲತಃ ಪಿಂಕರ್ಟನ್ ಎಂಬ ಖಾಸಗಿ ಭದ್ರತಾ ಕಂಪನಿ ತನ್ನ ಗ್ರಾಹಕರಿಗಾಗಿ ಕಾರ್ಡುಗಳಲ್ಲಿ ಬರೆದಿಟ್ಟದ್ದು. ಅಪರಾಧಶಾಸ್ತ್ರಜ್ಞ ಗ್ಯಾರಿ ಲಾಫ್ರೀ ಅವರ ತಂಡ ಅದನ್ನು ಗಣಕಕ್ಕೆ ಏರಿಸಿತು. ಕಚೇರಿ ಸ್ಥಳಾಂತರದಲ್ಲಿ 1993ರ ಕಾರ್ಡುಗಳು ಕಳೆದುಹೋದವು. ಅವುಗಳನ್ನು ಮತ್ತೆ ಸಂಗ್ರಹಿಸುವ ಪ್ರಯತ್ನ ಸಫಲವಾಗಲಿಲ್ಲ, ಮುಖ್ಯ ಕಡತದಲ್ಲಿ ಆ ವರ್ಷವೇ ಇಲ್ಲ. 1998ರ ನಂತರ ಸಂಗ್ರಹಿಸುವ ತಂಡಗಳು ಎರಡು ಬಾರಿ ಬದಲಾಗಿ, 2011ರ ಕೊನೆಯಲ್ಲಿ ಸ್ಟಾರ್ಟ್ ಒಕ್ಕೂಟವೇ ಕೆಲಸವನ್ನು ಕೈಗೆತ್ತಿಕೊಂಡಿತು. ಆಮೇಲೆ ಕಾಣುವ ಏರಿಕೆಯಲ್ಲಿ ಜಗತ್ತು ಕೆಟ್ಟದ್ದೆಷ್ಟು, ಸುದ್ದಿ ಜಾಲಾಡುವ ವಿಧಾನ ಸುಧಾರಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಕೈಪಿಡಿ ಈ ಎಚ್ಚರಿಕೆಯನ್ನು ಕೊಡುತ್ತದೆ. ಐವತ್ತು ವರ್ಷಗಳ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆದು ತೋರಿಸುವ ಭಾಷಣಕಾರರು ಅದನ್ನು ಓದಿರುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಎಸಗಿದವರು ಸರ್ಕಾರೇತರರೇ ಆಗಿರಬೇಕೆಂಬ ಷರತ್ತಿನಿಂದ ಪ್ರಭುತ್ವದ ಹಿಂಸೆ ಪೂರ್ತಿಯಾಗಿ ಹೊರಗುಳಿಯುತ್ತದೆ. ರಿಚರ್ಡ್ ಜಾಕ್ಸನ್ ಮೊದಲಾದ ವಿಮರ್ಶಾತ್ಮಕ ಪಂಥದ ವಿದ್ವಾಂಸರು ಭಯೋತ್ಪಾದನೆಯ ಅಧ್ಯಯನವೆಂಬ ಇಡೀ ಶಾಸ್ತ್ರದ ಮೇಲೆಯೇ ಹೊರಿಸಿರುವ ಆರೋಪವಿದು. ನಮ್ಮ ಸಮೀಪದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2005ರ ಫೆಬ್ರುವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸ್ ಗುಂಡಿಗೆ ನಕ್ಸಲ್ ನಾಯಕ ಸಾಕೇತ್ ರಾಜನ್ ಬಲಿಯಾದರು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರ ಶಿಬಿರದ ಮೇಲೆ ದಾಳಿ ಮಾಡಿ ಹಲವರನ್ನು ಕೊಂದರು. ಜಿಟಿಡಿಯ ನಿಯಮದ ಪ್ರಕಾರ ಎರಡನೆಯದು ಪಟ್ಟಿಗೆ ಅರ್ಹ, ಮೊದಲನೆಯದು ಅಲ್ಲ. ದೆಹಲಿಯ ಇನ್‌ಸ್ಟಿಟ್ಯೂಟ್ ಫಾರ್ ಕಾನ್‌ಫ್ಲಿಕ್ಟ್ ಮ್ಯಾನೇಜ್‌ಮೆಂಟ್ ನಡೆಸುವ ಸೌತ್ ಏಷ್ಯಾ ಟೆರರಿಸಂ ಪೋರ್ಟಲ್ ನಾಗರಿಕರು, ಭದ್ರತಾ ಸಿಬ್ಬಂದಿ ಮತ್ತು ಉಗ್ರರ ಸಾವುಗಳನ್ನು ಬೇರೆ ಬೇರೆಯಾಗಿ ಎಣಿಸುವುದರಿಂದ, ಇಂತಹ ಸೇಡು-ಪ್ರತಿಸೇಡಿನ ಸರಪಳಿ ಅಲ್ಲಿ ಕಾಣುತ್ತದೆ. ಆದರೆ ಅಲ್ಲಿ ಸತ್ತವನು ಉಗ್ರನೇ ಎಂಬುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಪೊಲೀಸ್ ಹೇಳಿಕೆ ಆಧರಿಸಿದ ವರದಿಯೇ ಆಧಾರ. ಜಿಟಿಡಿಯಂತೆ ಮಾನದಂಡಗಳನ್ನು ಬಿಡಿಸಿಟ್ಟು ಓದುಗನಿಗೆ ಒಪ್ಪಿಸುವ ಶಿಸ್ತು ಅಲ್ಲಿಲ್ಲ. ಭಾರತದ ಬಗ್ಗೆ ಬರೆಯುವಾಗ ನಾನು ಎರಡನ್ನೂ ಅಕ್ಕಪಕ್ಕದಲ್ಲಿಟ್ಟುಕೊಳ್ಳುತ್ತೇನೆ.

ಕೃತ್ಯಕ್ಕಿಳಿಯುವ ಮೊದಲೇ ಬಯಲಾದ ಸಂಚುಗಳಿಗೂ ಜಿಟಿಡಿಯಲ್ಲಿ ಜಾಗವಿಲ್ಲ. ಕನಿಷ್ಠ ಪ್ರಯತ್ನವಾದರೂ ನಡೆದಿರಬೇಕು. ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ) ಕಾಯ್ದೆಯಡಿ ಸಂಚಿನ ಆರೋಪ ಹೊರಿಸಿದ ಪ್ರಕರಣಗಳನ್ನು ಅಧ್ಯಯನ ಮಾಡುವವರಿಗೆ ಆದ್ದರಿಂದ ಇದು ಉಪಯೋಗಕ್ಕೆ ಬರುವುದಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ 2018ರಲ್ಲಿ ಭಯೋತ್ಪಾದನೆಯ ದತ್ತಾಂಶ ಸಂಗ್ರಹಿಸುವ ತನ್ನ ಗುತ್ತಿಗೆಯನ್ನು ಬೇರೆಯವರಿಗೆ ಕೊಟ್ಟ ಮೇಲೆ ಯೋಜನೆಗೆ ಹಣದ ಅಡಚಣೆ ಉಂಟಾಯಿತು. ನಾನು ಬಳಸುತ್ತಿರುವ ಕಡತಗಳು 2021ರ ಜೂನ್‌ಗೆ ನಿಲ್ಲುತ್ತವೆ. ಮಂಗಳೂರಿನ 2022ರ ಕುಕ್ಕರ್ ಸ್ಫೋಟವನ್ನಾಗಲಿ, ಬೆಂಗಳೂರಿನ ರಾಮೇಶ್ವರಂ ಕೆಫೆಯ 2024ರ ಸ್ಫೋಟವನ್ನಾಗಲಿ ಅವುಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.

ರಾಜ್ಯಶಾಸ್ತ್ರ ಮತ್ತು ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ನಾಳೆಯ ಸಂಚಿಕೆಗೆ ಒಂದು ಸಂಖ್ಯೆ ಬೇಕೆನ್ನುವ ವರದಿಗಾರರಿಗಲ್ಲ. ಪಾಠ ಮಾಡುವವರು ಒಂದೇ ರಾಜ್ಯದ ಸಾಲುಗಳನ್ನು ಬೇರ್ಪಡಿಸಿ ಕೊಟ್ಟು, ಮಾನದಂಡದ ಕಾಲಂಗಳನ್ನು ಮುಚ್ಚಿ, ವಿದ್ಯಾರ್ಥಿಗಳಿಂದಲೇ ಅವುಗಳನ್ನು ತುಂಬಿಸಬಹುದು. ಪೊಲೀಸ್ ಠಾಣೆಯ ಮೇಲಿನ ದಾಳಿಯ ಸಾಲು ಬಂದಾಗ ತರಗತಿ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ.