ಸಿನಿಮಾ ಹೆಲ್ಮೆಟ್ಟಿಗೆ ಫೋಮೋ, ತ್ರೀಡಿ ಪ್ರಿಂಟೋ?

ಚಿಕ್ಕಮಗಳೂರಿನ ಮನೆಯಲ್ಲೇ ಸೈನ್ಸ್ ಫಿಕ್ಷನ್ ಸಿನಿಮಾದ ಹೆಲ್ಮೆಟ್ ಮಾಡಬೇಕು, ಯಾವುದರಲ್ಲಿ ಮಾಡಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಇವಿಎ ಫೋಮ್, ಅಂದರೆ ರಬ್ಬರಿನಂಥ ಮೆತ್ತನೆ ಶೀಟು, ಅಗ್ಗ. ಶೀಟು, ಕಟರ್, ಕಾಂಟ್ಯಾಕ್ಟ್ ಅಂಟು, ಬಿಸಿಗಾಳಿ ಊದುವ ಹೀಟ್ ಗನ್ ಇದ್ದರೆ ಆಯಿತು. ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕೂಡಿಸಿ ಆಕಾರ ಕೊಡುವ ತ್ರೀಡಿ ಪ್ರಿಂಟರ್ ಇಲ್ಲದವರು ಹೊರಗೆ ಪ್ರಿಂಟ್ ಮಾಡಿಸಬೇಕು, ದುಡ್ಡು ಜಾಸ್ತಿ.

ಕೈಕೆಲಸದ ಖುಷಿ ಫೋಮ್‌ನಲ್ಲೇ. ಬಿಸಿ ಮಾಡಿ, ಕೈಗವಸು ಹಾಕಿಕೊಂಡು ಬಾಗಿಸಿ ಹಿಡಿದರೆ ಆರಿದ ಮೇಲೆ ಹಾಗೇ ನಿಲ್ಲುತ್ತದೆ. ಅಂಟನ್ನು ಎರಡೂ ಅಂಚಿಗೆ ಹಚ್ಚಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ಜೋಡಿಸಿ. ನಮ್ಮ ಮಳೆಗಾಲದಲ್ಲಿ ಅವಸರ ಬೇಡ, ಕಿಟಕಿ ತೆರೆದಿಡಿ. ಪ್ರಿಂಟಿನಲ್ಲಿ ಆಕಾರ ಕರಾರುವಾಕ್ಕಾಗಿ ಬರುತ್ತದೆ ನಿಜ. ಆದರೆ ಪದರದ ಗೆರೆ ಹೋಗಬೇಕಾದರೆ ಪುಟ್ಟಿ ಹಚ್ಚಿ ಉಜ್ಜುತ್ತಾ ಕೂರಬೇಕು.

ಫೋಮ್ ಬಿದ್ದರೆ ಒಡೆಯಲ್ಲ, ಆದರೆ ಒತ್ತಿದ ಗುರುತು ಉಳಿಯುತ್ತದೆ. ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ಕಿನ ಪ್ರಿಂಟ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಲೇಬೇಡಿ.

ಶೋಕೇಸಿಗಾದರೆ ಪ್ರಿಂಟ್. ಮಕ್ಕಳು ಸ್ಕೂಲ್ ಡೇಗೆ ಹಾಕಿಕೊಂಡು ಕುಣಿಯೋದಕ್ಕೆ ಫೋಮ್. ಹೆಲ್ಮೆಟ್ ಜೊತೆಗೆ ಲೈಟ್‌ಸೇಬರ್ (ಸ್ಟಾರ್ ವಾರ್ಸ್ ಸಿನಿಮಾದ ಬೆಳಕಿನ ಕತ್ತಿ) ಮಾಡೋದಾದರೆ ಅದರ ಹಿಡಿಗೆ ಎರಡೂ ಬೇಡ, ಪಿವಿಸಿ ಪೈಪೇ ಸಾಕು. 1977ರ ಸ್ಟಾರ್ ವಾರ್ಸ್‌ನಲ್ಲೂ ನಾಯಕ ಲೂಕ್‌ನ ಕತ್ತಿಯ ಹಿಡಿಯನ್ನು ಗ್ರಾಫ್ಲೆಕ್ಸ್ ಕ್ಯಾಮೆರಾ ಫ್ಲ್ಯಾಷಿನ ಹಿಡಿಯಿಂದಲೇ ಮಾಡಿದ್ದರಲ್ವಾ! ಪೇಂಟ್ ಹೊಡೆಯುವ ಮುಂಚೆ ಪೈಪಿನ ನುಣುಪು ಹೋಗುವಂತೆ ಉಪ್ಪುಕಾಗದದಲ್ಲಿ ಉಜ್ಜಿಕೊಳ್ಳಿ.